ಹಸಿರು ಬಳೆ ತೊಟ್ಟ ಮಾತೆ

ಮೊನ್ನೆ ನಂಜನಗೂಡಿನ ಬಸ್ ಸ್ಟ್ಯಾಂಡಿನಲ್ಲಿ ಮೈಸೂರಿನ ಬಸ್ಸಿಗೆ ಕಾಯುತ್ತ ಕೂತಿದ್ದೆ. ಪಕ್ಕದಲ್ಲಿ ಬಂದು ಕೂತ ಹೆಂಗಸು ಮಡಿಲಲ್ಲಿದ್ದ ಚೀಲದ ಬಾಯಿ ಬಿಚ್ಚಿದಳು. ಒಳಗಿಂದ ರಸಬಾಳೆಯ ವಾಸನೆ ಬಂತು. ನಿಜವಾದ ನಂಜನಗೂಡು ರಸಬಾಳೆ. ಈಗ ಹೆಸರು ಎಲ್ಲ ಅಂಗಡಿಯಲ್ಲೂ ಸಿಗುತ್ತದೆ, ಹಣ್ಣನ್ನು ಮಾತ್ರ ಹುಡುಕಿಕೊಂಡು ಹೋಗಬೇಕು. ನಾನು ಒಬ್ಬಳೇ ನಗಲು ಶುರು ಮಾಡಿದೆ. ಆಕೆ ಚೀಲವನ್ನು ಸ್ವಲ್ಪ ಆಚೆಗೆ ಸರಿಸಿಕೊಂಡಳು. ಅವಳ ತಪ್ಪಿಲ್ಲ. ಬಾಳೆಹಣ್ಣಿನ ವಾಸನೆಗೆ ನಗುವವಳ ಪಕ್ಕದಲ್ಲಿ ನಾನಾದರೂ ಕೂರುತ್ತಿರಲಿಲ್ಲ.

ನಾನು ಸರ್ಕಾರಿ ಬಸ್ಸಿನ ಕಂಡಕ್ಟರ್. ಹೆಸರು ರೀಟಾ. ಈಗ ಮೈಸೂರಿನಲ್ಲಿ ಸಿಟಿ ಬಸ್ಸಿನಲ್ಲಿದ್ದೇನೆ. ಆ ವರ್ಷ ನಂಜನಗೂಡಿನಿಂದ ಟಿ. ನರಸೀಪುರಕ್ಕೆ ಹೆಡತಲೆ, ತಗಡೂರು ಎಂದು ಹಳ್ಳಿಹಳ್ಳಿ ಸುತ್ತಿಕೊಂಡು ಹೋಗುವ ಬಸ್ಸಿನಲ್ಲಿದ್ದೆ. ಹೆಂಗಸರಿಗೆ ಟಿಕೆಟ್ ಫ್ರೀ ಆದ ಮೇಲೆ ಬಂದ ಮೊದಲ ಡಿಸೆಂಬರ್ ಅದು. ಅಲ್ಲಿಯವರೆಗೆ ಮನೆ ಬಿಟ್ಟು ಕದಲದಿದ್ದ ಅಜ್ಜಿಯರೆಲ್ಲ ಆಧಾರ್ ಕಾರ್ಡನ್ನು ಸೆರಗಿಗೆ ಕಟ್ಟಿಕೊಂಡು ಮಗಳ ಮನೆ, ತಂಗಿ ಮನೆ, ದೇವಸ್ಥಾನ ಅಂತ ಹೊರಟಿದ್ದರು. ಬಸ್ಸಿನಲ್ಲಿ ಕಾಲಿಡಲು ಜಾಗವಿರುತ್ತಿರಲಿಲ್ಲ. ನನಗೆ ಆಗ ಇದ್ದ ಹೆಮ್ಮೆ ಒಂದೇ, ಟೈಮು. ನನ್ನ ಬಸ್ಸು ಹೊರಡುವುದನ್ನು ನೋಡಿ ಜನ ಗಡಿಯಾರ ತಿದ್ದಿಕೊಳ್ಳಬೇಕು ಅನ್ನುವವಳು ನಾನು. ಬೇರೆಯವರನ್ನು ಕಾಯಿಸಿದ್ದುಂಟು, ಯಾರಿಗೂ ಕಾದವಳಲ್ಲ.

ಕ್ರಿಸ್ಮಸ್ ಎಲ್ಲರಿಗೂ ಗೊತ್ತು. ಅದಕ್ಕೆ ಮುಂಚಿನ ನಾಲ್ಕು ಭಾನುವಾರಗಳನ್ನು ಒಳಗೊಂಡ ಕಾಲಕ್ಕೆ ನಾವು ಕಥೋಲಿಕರು ಆಗಮನ ಕಾಲ ಎನ್ನುತ್ತೇವೆ. ಬರುವವನಿಗಾಗಿ ಕಾಯುವ ಕಾಲ ಅದು. ಚರ್ಚಿನಲ್ಲಿ ನೇರಳೆ ಬಟ್ಟೆ ಹಾಸುತ್ತಾರೆ. ಹಸಿರೆಲೆಯ ಒಂದು ಬಳೆ ಕಟ್ಟಿ ಅದರಲ್ಲಿ ನಾಲ್ಕು ಮೇಣದಬತ್ತಿ ನಿಲ್ಲಿಸಿ, ವಾರಕ್ಕೊಂದು ಹಚ್ಚುತ್ತಾರೆ. ನಂಜನಗೂಡಿನ ನಮ್ಮ ಚಿಕ್ಕ ಚರ್ಚಿನಲ್ಲಿ ಆ ವರ್ಷ ಆ ಬಳೆಯನ್ನು ಕಟ್ಟಿದ್ದು ಹಳೆಯ ಸೈಕಲ್ ಟೈರಿಗೆ ಸರ್ವೆ ಸೊಪ್ಪು ಸುತ್ತಿ. ಟೈರು ತಂದುಕೊಟ್ಟವಳು ನಾನೇ. ಮೊದಲ ಭಾನುವಾರ ಮೊದಲ ಬತ್ತಿ ಹಚ್ಚಿದಾಗ ಫಾದರ್ ಹೇಳಿದರು: “ಕಾಯುವುದು ಸುಮ್ಮನೆ ಕೂರುವುದಲ್ಲ. ಬರುವವರಿಗೆ ಜಾಗ ಮಾಡುವುದು.” ನಾನು ವಾಚು ನೋಡಿಕೊಂಡೆ. ಹನ್ನೊಂದಕ್ಕೆ ಡ್ಯೂಟಿ ಇತ್ತು.

ಆಗಮನ ಕಾಲದಲ್ಲಿ ಪಾಪನಿವೇದನೆ ಮಾಡುವುದು ವಾಡಿಕೆ. ಫಾದರ್ ನನಗಿಂತ ಚಿಕ್ಕವರು, ಹೊಸದಾಗಿ ಬಂದಿದ್ದರು. ಅವರ ಮುಂದೆ ಮೊಣಕಾಲೂರಿ, “ನನ್ನ ಪಾಪವೆಲ್ಲ ಬಾಯಲ್ಲೇ ಫಾದರ್. ತಡ ಮಾಡುವವರನ್ನು ಕಂಡರೆ ರೇಗುತ್ತೇನೆ. ಮುದುಕರು ಅಂತಲೂ ನೋಡುವುದಿಲ್ಲ” ಎಂದೆ. ಅವರು, “ಪ್ರತಿ ಸ್ಟಾಪಿನಲ್ಲೂ ವಿಷಲ್ ಹೊಡೆಯುವ ಮುಂಚೆ ಮನಸ್ಸಿನಲ್ಲೇ ಒಂದು ನಮೋ ಮರಿಯಾ ಜಪ ಹೇಳಿ” ಎಂದರು.

“ಫಾದರ್, ನಮ್ಮ ಬಸ್ಸಿಗೆ ಇಪ್ಪತ್ತಾರು ಸ್ಟಾಪು!”

“ಒಳ್ಳೆಯದಾಯಿತು. ಹೋಗ್ತಾ ಅರ್ಧ, ಬರ್ತಾ ಅರ್ಧ. ಐವತ್ತು ಚಿಲ್ಲರೆ ಮಣಿಯ ಒಂದು ಜಪಸರ ಮುಗೀತು.”

ಪ್ರಾಯಶ್ಚಿತ್ತ ಕೊಟ್ಟ ಮೇಲೆ ಮಾಡಲೇಬೇಕು. ಮಾರನೆಯ ದಿನದಿಂದಲೇ ಶುರು ಮಾಡಿದೆ. ನಮೋ ಮರಿಯಾ, ವರಪ್ರಸಾದ ಪೂರ್ಣೆ... ಎಷ್ಟು ಬೇಗ ಹೇಳಿದರೂ ಕಾಲು ನಿಮಿಷ ಬೇಕು. ಡ್ರೈವರ್ ಮಾದೇವಣ್ಣ ಕನ್ನಡಿಯಲ್ಲಿ ನನ್ನನ್ನೇ ನೋಡಿದರು. “ಯಾಕ್ ಮೇಡಂ, ವಿಷಲ್ ಕೆಟ್ಟೋಯ್ತಾ?” ಎಂದು ಕೇಳಿದರು. ಆದರೆ ಆ ಕಾಲು ನಿಮಿಷದಲ್ಲಿ ನನಗೆ ಹಿಂದೆಂದೂ ಕಾಣದ್ದು ಕಾಣತೊಡಗಿತು. ಹೆಡತಲೆಯಲ್ಲಿ ಗದ್ದೆ ಬದುವಿನ ಮೇಲೆ ಕೈ ಎತ್ತಿಕೊಂಡು ಓಡಿಬರುವ ತಾತ, ಮಂಜಿನಲ್ಲಿ ಹುಲ್ಲಿನ ಹೊರೆ ಇಳಿಸಿ ಕುತ್ತಿಗೆ ಉಜ್ಜಿಕೊಳ್ಳುವ ಹುಡುಗಿ, ಕಾಲೇಜಿಗೆ ಹೊರಟ ಮಗನ ಕಾಲರ್ ಸರಿಮಾಡುವ ತಾಯಿ. ಇವರೆಲ್ಲ ದಿನವೂ ಇದ್ದವರೇ. ನಾನು ಬರೀ ಟಿಕೆಟ್ ನೋಡುತ್ತಿದ್ದೆ. ಎರಡನೆಯ ವಾರದ ಹೊತ್ತಿಗೆ ನನಗೆ ಆ ಪ್ರಾಯಶ್ಚಿತ್ತ ರುಚಿ ಹತ್ತಿತ್ತು.

ನಮ್ಮ ಚರ್ಚಿನಲ್ಲಿ ಒಂದು ಪದ್ಧತಿ ಇತ್ತು. ಕ್ರಿಸ್ಮಸ್ಸಿಗೆ ಮುಂಚಿನ ಒಂಬತ್ತು ಸಂಜೆ ಮಾತೆ ಮರಿಯಮ್ಮನವರ ಒಂದು ಪ್ರತಿಮೆ ಮನೆಯಿಂದ ಮನೆಗೆ ಹೋಗುತ್ತದೆ. ಪ್ರತಿಮೆ ಒಂದೂವರೆ ಗೇಣು. ತುಂಬು ಬಸುರಿ ಮಾತೆ ಕತ್ತೆಯ ಮೇಲೆ ಕೂತಿದ್ದಾರೆ, ಜೋಸೆಫರು ಹಗ್ಗ ಹಿಡಿದಿದ್ದಾರೆ. ಬೆತ್ಲೆಹೇಮಿನಲ್ಲಿ ಅವರಿಗೆ ಯಾರೂ ಜಾಗ ಕೊಡಲಿಲ್ಲವಲ್ಲ, ನಾವಾದರೂ ಕೊಡೋಣ ಅಂತ ಒಂದೊಂದು ಮನೆಯವರು ಒಂದೊಂದು ರಾತ್ರಿ ಇಟ್ಟುಕೊಂಡು ಜಪಸರ ಹೇಳುತ್ತಾರೆ. ಒಂಬತ್ತೂ ಮನೆ ನಂಜನಗೂಡಿನವೇ ಆಗಿರುತ್ತಿದ್ದವು.

ನರಸೀಪುರದಲ್ಲಿ ಜ್ಞಾನಮ್ಮ ಇದ್ದರು. ಸರ್ಕಾರಿ ಹೆರಿಗೆ ವಾರ್ಡಿನಲ್ಲಿ ಆಯಾ ಆಗಿದ್ದವರು. ಅದಕ್ಕೂ ಮುಂಚೆ ಹಳ್ಳಿಯಲ್ಲಿ ಸೂಲಗಿತ್ತಿ. ಸುತ್ತಲಿನ ಊರುಗಳಲ್ಲಿ ಅರ್ಧ ಜನ ಮೊದಲು ಅತ್ತದ್ದು ಅವರ ಕೈಯಲ್ಲೇ ಅನ್ನುತ್ತಾರೆ. ಸೊಂಟದ ಮೂಳೆ ಮುರಿದು ಮೂರು ವರ್ಷದಿಂದ ಮಂಚದ ಮೇಲಿದ್ದರು. ಚರ್ಚಿನ ಮುಖ ನೋಡಿರಲಿಲ್ಲ. ಬಸ್ಸು ನರಸೀಪುರದಲ್ಲಿ ನಿಂತಾಗ ಟೀ ಕುಡಿಯುವ ಹೊತ್ತಿನಲ್ಲಿ ನಾನು ಓಡಿಹೋಗಿ ಮಾತಾಡಿಸಿ ಬರುತ್ತಿದ್ದೆ. ಒಂದು ದಿನ ನನ್ನ ಕೈ ಹಿಡಿದುಕೊಂಡು, “ಮಗಾ, ಊರೋರ್ ಬಸ್ರೀರ್ಗೆಲ್ಲ ನಾನೇ ಓಗಿ ಜೊತೇಲಿದ್ದೋಳು. ಮಾತೆ ಒಂದ್ ದಪ ನಮ್ಮನೇಗ್ ಬಂದು ಒಂದ್ ರಾತ್ರಿ ಇರಾಕಿಲ್ವಾ? ಮುಂದಿನ್ ವರ್ಸಕ್ಕೆ ನಾನಿರ್ತೀನೋ ಇಲ್ವೋ” ಎಂದರು. “ಈ ಸಲ ಬರ್ತಾರೆ, ನಾನು ಕರ್ಕೊಂಡು ಬರ್ತೀನಿ” ಎಂದುಬಿಟ್ಟೆ.

ಹೇಳುವುದು ಸುಲಭ. ಚರ್ಚಿನ ಹಿರಿಯರು ಚೌರಪ್ಪ ಮೇಷ್ಟ್ರು. ನಿವೃತ್ತರಾಗಿ ಎಷ್ಟೋ ವರ್ಷವಾಗಿದ್ದರೂ ಊರೆಲ್ಲ ಅವರಿಗೆ ಕ್ಲಾಸ್ ರೂಮೇ. ಎರಡನೆಯ ಭಾನುವಾರ, ಎರಡನೆಯ ಬತ್ತಿ ಹಚ್ಚಿದ ದಿನ, ಪೂಜೆ ಮುಗಿದ ಮೇಲೆ ಮನೆಗಳ ಪಟ್ಟಿ ಮಾಡಲು ಕೂತಾಗ ನಾನು ಜ್ಞಾನಮ್ಮನ ಹೆಸರು ಹೇಳಿದೆ.

“ನರಸೀಪುರಕ್ಕಾ? ಹೇಗೆ?”

“ನನ್ನ ಬಸ್ಸಲ್ಲಿ ಸಾರ್.”

“ಬಸ್ಸಲ್ಲಿ! ಕೋಳಿ, ಕುರಿ, ಗೊಬ್ಬರದ ಮೂಟೆ ಜೊತೆ?”

“ಬೆತ್ಲೆಹೇಮಿಗೆ ಹೋಗಿದ್ದೇ ಕತ್ತೆ ಮೇಲೆ ಸಾರ್, ಎ.ಸಿ. ಕಾರಲ್ಲಿ ಅಲ್ಲ.”

ಫಾದರ್ ಕೆಮ್ಮುವ ನೆಪದಲ್ಲಿ ನಕ್ಕರು. ಮೇಷ್ಟ್ರು ನಗಲಿಲ್ಲ. “ನೋಡಮ್ಮ, ಕಳೆದುಹೋದರೆ ಯಾರು ಜವಾಬ್ದಾರಿ?” ಎಂದರು. ನನಗೆ ಮೈ ಉರಿಯಿತು. “ನನ್ನ ಬಸ್ಸಲ್ಲಿ ಇವತ್ತಿನವರೆಗೆ ಒಂದು ಕೊತ್ತಂಬರಿ ಕಟ್ಟೂ ಕಳೆದಿಲ್ಲ ಸಾರ್. ನಾನು ಜವಾಬ್ದಾರಿ” ಎಂದೆ. ಹಾಗೆ ಪಟ್ಟಿಯಲ್ಲಿ ಆರನೆಯ ಸಂಜೆ ಜ್ಞಾನಮ್ಮನದಾಯಿತು. ಏಳನೆಯದು ಚೌರಪ್ಪ ಮೇಷ್ಟ್ರ ಮನೆಯದೇ. ಮಾರನೆಯ ದಿನದ ಟ್ರಿಪ್ಪಿನಲ್ಲಿ ನಾನು ಪ್ರತಿಮೆ ವಾಪಸು ತಂದು ಸಂಜೆ ಆರಕ್ಕೆ ಅವರ ಮನೆಗೆ ಮುಟ್ಟಿಸಬೇಕು ಎಂದು ಮಾತಾಯಿತು.

ಆರನೆಯ ಸಂಜೆಯ ದಿನ ನಾನು ಮಾತೆಯನ್ನು ಬಿದಿರಿನ ಬುಟ್ಟಿಯಲ್ಲಿ ಹತ್ತಿ ಸೀರೆ ಸುತ್ತಿ ಕೂರಿಸಿ, ಮೇಲೆ ತಗಡೂರಿನ ಖಾದಿ ಟವೆಲ್ ಹೊದಿಸಿ, ಡ್ರೈವರ್ ಪಕ್ಕದ ಬಾನೆಟ್ ಮೇಲೆ ಇಟ್ಟೆ. ಮಾದೇವಣ್ಣನಿಗೆ ವಿಷಯ ಹೇಳಿದ್ದೆ. ಅವರು ಹಂಪಿನಲ್ಲಿ ಬಸ್ಸನ್ನು ಎಷ್ಟು ನಿಧಾನ ಹತ್ತಿಸಿದರೆಂದರೆ ಹಿಂದಿನ ಸೀಟಿನವರು ಇಣುಕಿ ನೋಡಿದರು. “ಬಸುರಿ ಹೆಂಗ್ಸು ಅವ್ರೆ ಮೇಡಂ, ಕುಲುಕ್ಬಾರ್ದು” ಎಂದರು. ನನಗೆ ಖುಷಿಯಲ್ಲಿ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ.

ಹೆಡತಲೆಯಲ್ಲಿ ಒಬ್ಬ ಅಜ್ಜಿ ಹತ್ತಿದರು. ಅವರ ಕೈಯಲ್ಲೂ ಒಂದು ಬಿದಿರು ಬುಟ್ಟಿ. ಅದರ ಮೇಲೂ ತಗಡೂರಿನದೇ ಬಿಳಿ ಟವೆಲ್. ಆ ದಾರಿಯಲ್ಲಿ ಯಾರ ಮನೆಯಲ್ಲಿ ಇಲ್ಲ ಆ ಟವೆಲ್ಲು? “ಮಗಳ ಮನೇಗ್ ಓಯ್ತಾ ಇವ್ನಿ ಕಣವ್ವಾ, ತಗಡೂರಲ್ಲಿ ಇಳ್ಸು” ಎಂದು ಬುಟ್ಟಿಯನ್ನು ಅವರೂ ಬಾನೆಟ್ ಮೇಲೆ ಇಟ್ಟರು. ಮುಂದೆ ರಸ್ತೆಯ ತುಂಬ ಹುರುಳಿ ಹರವಿದ್ದರು. ಬಸ್ಸಿನ ಚಕ್ರದಲ್ಲೇ ಒಕ್ಕಣೆ ಆಗಲಿ ಅನ್ನುವ ಲೆಕ್ಕ. ಅದರ ಮೇಲೆ ಲಾರಿಯೊಂದು ಜಾರಿ ಅಡ್ಡ ನಿಂತಿತ್ತು. ಇಪ್ಪತ್ತು ನಿಮಿಷ ತಡವಾಯಿತು. ನನ್ನ ಹಳೆಯ ಚಾಳಿ ತಲೆ ಎತ್ತಿತು. ಜ್ಞಾನಮ್ಮ ಕಾಯುತ್ತಿದ್ದಾರೆ, ಐದೂವರೆಗೆ ಪ್ರಾರ್ಥನೆ, ಇನ್ನೂ ತಗಡೂರೇ ಬಂದಿಲ್ಲ! ತಗಡೂರಿನಲ್ಲಿ ಅಜ್ಜಿ ಮೆಲ್ಲಗೆ ಇಳಿಯುತ್ತಿದ್ದರೆ, “ಬೇಗ ಬೇಗ ಇಳೀರಿ ಅಜ್ಜಿ, ನಿಮ್ಮ ಬುಟ್ಟಿ ತಗೊಳ್ಳಿ” ಎಂದು ನಾನೇ ಬಾನೆಟ್ ಮೇಲಿಂದ ಎತ್ತಿ ಅವರ ಕೈಗಿತ್ತೆ. ನಮೋ ಮರಿಯಾ ಹೇಳಲಿಲ್ಲ. ವಿಷಲ್ ಹೊಡೆದೆ.

ನರಸೀಪುರದಲ್ಲಿ ಜ್ಞಾನಮ್ಮನ ಮನೆ ಹೊಳೆಯ ಕಡೆಗಿನ ಸಂದಿಯಲ್ಲಿ. ಬಾಗಿಲಿಗೆ ಮಾವಿನ ಸೊಪ್ಪು ಕಟ್ಟಿದ್ದರು. ಜ್ಞಾನಮ್ಮ ಗಂಜಿ ಹಾಕಿದ ಬಿಳಿ ಸೀರೆ ಉಟ್ಟು ದಿಂಬಿಗೆ ಒರಗಿ ಕೂತಿದ್ದರು. ಮುಂದೆ ಒಂದು ಮಣೆ, ಅದರ ಮೇಲೆ ಅವರ ಮದುವೆಯ ಸೀರೆ ಮಡಿಸಿ ಹಾಸಿದ್ದರು. ಊರಿನಲ್ಲಿದ್ದ ನಾಲ್ಕಾರು ಕಥೋಲಿಕ ಮನೆಯವರು ಸೇರಿದ್ದರು. ಮಾದೇವಣ್ಣ ಕೂಡ ಚಪ್ಪಲಿ ಬಿಟ್ಟು ಬಾಗಿಲಲ್ಲಿ ನಿಂತರು. ನಾನು ಬುಟ್ಟಿಯನ್ನು ಮಣೆಯ ಮೇಲಿಟ್ಟು ಟವೆಲ್ ತೆಗೆದೆ.

ರಸಬಾಳೆಯ ವಾಸನೆ ಗಮ್ಮೆಂದಿತು.

ಒಂದು ಚಿಪ್ಪು ಹಣ್ಣು. ಅಕ್ಕಿ. ತೆಂಗಿನಕಾಯಿ. ಬೆಲ್ಲದಚ್ಚು. ವೀಳ್ಯದೆಲೆ, ಅಡಿಕೆ. ಕೆಂಪು ರವಿಕೆ ಬಟ್ಟೆ. ಕಾಗದದಲ್ಲಿ ಸುತ್ತಿದ ಹಸಿರು ಬಳೆ. ಮಾತೆ ಇಲ್ಲ.

ಭೂಮಿ ಬಾಯಿಬಿಟ್ಟಿದ್ದರೆ ನಾನೇ ಹಾರಿಬಿಡುತ್ತಿದ್ದೆ. ಚೌರಪ್ಪ ಮೇಷ್ಟ್ರ ಮುಖ ಕಣ್ಣ ಮುಂದೆ ಬಂತು. ಅದಕ್ಕಿಂತ ಹೆಚ್ಚಾಗಿ, ಮೂರು ವರ್ಷದಿಂದ ಕಾದಿದ್ದ ಮುದುಕಿ ಎದುರಿಗೇ ಕೂತಿದ್ದರು. ನಾನು ಅಳುತ್ತಲೇ ನಡೆದದ್ದನ್ನು ಹೇಳಿದೆ. “ಈಗಲೇ ತಗಡೂರಿಗೆ ಹೋಗೋಣ ಮಾದೇವಣ್ಣ” ಎಂದೆ. ಅವರು, “ಆ ಸ್ಟಾಪಿಂದ ಒಳಕ್ಕೆ ನಾಕು ಊರಿಗೆ ದಾರಿ ಅದೆ ಮೇಡಂ. ಅಜ್ಜಿ ಎಸ್ರು ಗೊತ್ತಾ ನಿಮ್ಗೆ?” ಎಂದರು. ಗೊತ್ತಿರಲಿಲ್ಲ. ಫ್ರೀ ಟಿಕೆಟಿನಲ್ಲಿ ಹೆಸರಿರುವುದಿಲ್ಲ.

ಅಷ್ಟರಲ್ಲಿ ಜ್ಞಾನಮ್ಮ ಬುಟ್ಟಿಯೊಳಗೆ ಕೈ ಹಾಕಿ ಒಂದೊಂದೇ ಮುಟ್ಟಿ ನೋಡುತ್ತಿದ್ದರು. ಬಳೆಯ ಪೊಟ್ಟಣ ಬಿಚ್ಚಿ ಬೆಳಕಿಗೆ ಹಿಡಿದರು. ಅವರ ಮುಖದಲ್ಲಿ ದುಃಖವಿರಲಿಲ್ಲ.

“ಇದು ಮಡ್ಲಕ್ಕಿ ಕಣ್ ಮಗಾ. ಚೊಚ್ಲು ಬಸ್ರೀದು. ತವರೋರು ತಂದವ್ರೆ, ಮಡ್ಲು ತುಂಬಾಕೆ. ಈಗ ಆ ಮನೇಲಿ ಯಾರವ್ರೆ? ನಮ್ ಮಾತೆ ಅವ್ರೆ.” ನಕ್ಕರು. “ಯಾಕಂಗ್ ಅಳ್ತೀಯೆ? ಮಾತೆ ಎಲಿಜಬೇತಮ್ಮನ್ ಮನೇಗ್ ಓಗವ್ರೆ ಅಷ್ಟೆ. ಬತ್ತಾರೆ. ಕಾಯಾನ.”

ಶುಭಸಂದೇಶದಲ್ಲಿ ಬರುವ ಮಾತು ಅದು. ಮಾತೆ ಗರ್ಭ ಧರಿಸಿದ ಮೇಲೆ ಮಾಡಿದ ಮೊದಲ ಕೆಲಸ, ತನ್ನಂತೆಯೇ ಬಸುರಿಯಾಗಿದ್ದ ನೆಂಟರಾಕೆಯ ಮನೆಗೆ ಅವಸರದಿಂದ ಹೋದದ್ದು. ಜಪಸರ ಹೇಳುತ್ತ ಧ್ಯಾನಿಸುವ ಐದು ಸಂತೋಷದ ರಹಸ್ಯಗಳಲ್ಲಿ ಎರಡನೆಯದು. ಆ ರಹಸ್ಯವನ್ನು ನಾನು ಎಷ್ಟು ಸಾವಿರ ಸಲ ಬಾಯಲ್ಲಿ ಹೇಳಿದ್ದೇನೋ. ಅದು ನನ್ನ ಬಸ್ಸಿನ ದಾರಿಯಲ್ಲೇ ನಡೆಯಬಹುದು ಅಂತ ಅನ್ನಿಸಿರಲಿಲ್ಲ. ಜ್ಞಾನಮ್ಮನೇ ಜಪಸರ ಎತ್ತಿಕೊಂಡರು. ಹೆಸರೇ ಗೊತ್ತಿಲ್ಲದ ಆ ಹುಡುಗಿಗೆ ಸುಖವಾಗಿ ಹೆರಿಗೆಯಾಗಲಿ ಅಂತ ನಾವೆಲ್ಲ ಅಕ್ಕಿ, ಬಳೆ, ಬಾಳೆಹಣ್ಣಿನ ಮುಂದೆ ಮೇಣದಬತ್ತಿ ಹಚ್ಚಿ ಪ್ರಾರ್ಥಿಸಿದೆವು. ನಾನು ಒಳಗೊಳಗೇ, ‘ಪ್ರಭುವೇ, ನನ್ನ ಅವಸರವನ್ನು ಕ್ಷಮಿಸು. ಈ ತಾಯಿಯ ಸಂಜೆಯನ್ನು ನಾನು ಕಳೆದೆ, ನೀನೇ ಹುಡುಕಿಕೊಡು’ ಎಂದು ಬೇಡಿಕೊಂಡೆ. ಹೊರಡುವಾಗ ಆ ಬುಟ್ಟಿ ಕೊಡಿ ಎಂದೆ, ಅಜ್ಜಿ ಸಿಕ್ಕರೆ ಕೊಡಬೇಕಲ್ಲ.

“ನಿನ್ ಕೈಗಾ? ಇನ್ನೊಂದ್ ಬುಟ್ಟೀನೂ ಯಾವೂರ್ ಸೇರ್ಬೇಕು! ಆ ಮಗೀನೇ ಬಂದು ನನ್ ಕೈಯಿಂದ ಇಸ್ಕೊಂಡೋಗ್ಲಿ” ಎಂದು ಜ್ಞಾನಮ್ಮ ಬುಟ್ಟಿಯನ್ನು ಮಂಚದ ಮೇಲೆ ಎಳೆದುಕೊಂಡರು. ಎಲ್ಲರೂ ನಕ್ಕರು. ನನಗೂ ಅಳುವಿನ ಮಧ್ಯೆ ನಗು ಬಂತು.

ವಾಪಸು ಬರುವಾಗ ತಗಡೂರಿನಲ್ಲಿ ಕೇಳಿದೆವು. ಮಾರನೆಯ ದಿನ ಮಧ್ಯಾಹ್ನ ಹೋಗುವಾಗಲೂ ಕೇಳಿದೆವು. ಟೀ ಅಂಗಡಿಯವನು, “ಈ ತಿಂಗ್ಳು ಬಳೆ ತೊಡ್ಸೋ ಮನೆ ಆರೇಳವೆ ಮೇಡಂ, ಯಾವ್ದು ಅಂತ ಏಳಾನ?” ಎಂದ. ನರಸೀಪುರಕ್ಕೆ ಹೋಗಿ ಜ್ಞಾನಮ್ಮನಿಗೆ ಮುಖ ತೋರಿಸಿದೆ. ಮಣೆ ಹಾಗೇ ಇತ್ತು, ಮದುವೆಯ ಸೀರೆ ಹಾಗೇ ಇತ್ತು. “ಇನ್ನೂ ಬರ್ನಿಲ್ಲ ಬುಡು, ದೂರದ್ ದಾರಿ” ಎಂದರು. ಬಸ್ಸು ನಂಜನಗೂಡಿನ ಕಡೆ ತಿರುಗಿತು. ಆರಕ್ಕೆ ಚೌರಪ್ಪ ಮೇಷ್ಟ್ರ ಮನೆ. ನಾನು ಸ್ಟಾಪಿಗೆ ಒಂದಲ್ಲ, ಮೂರು ಮೂರು ನಮೋ ಮರಿಯಾ ಹೇಳಿದೆ.

ತಗಡೂರು ಬಂತು. ಸ್ಟಾಪಿನಲ್ಲಿ ಹತ್ತಾರು ಹೆಂಗಸರು. ಅವರ ನಡುವೆ ನಿನ್ನೆಯ ಅಜ್ಜಿ, ಪಕ್ಕದಲ್ಲಿ ಕೈತುಂಬ ಹಸಿರು ಬಳೆ ತೊಟ್ಟ, ಮುಖ ತುಂಬ ಅರಿಸಿನದ ಬಸುರಿ ಹುಡುಗಿ. ಹುಡುಗಿಯ ಕೈಯಲ್ಲಿ ಬುಟ್ಟಿ!

ನಾನು ಬಸ್ಸು ನಿಲ್ಲುವ ಮುಂಚೆಯೇ ಹಾರಿದೆ. ನನ್ನ ಸರ್ವೀಸಿನಲ್ಲಿ ಯಾರನ್ನೂ ಹಾಗೆ ಹಾರಲು ಬಿಟ್ಟವಳಲ್ಲ. ಅಜ್ಜಿ ನನ್ನನ್ನು ನೋಡಿದ್ದೇ, “ಬಂದ್ಯಾ ಕಂಡಕ್ಟ್ರವ್ವಾ! ಅಲ್ಲ, ಎಂಥ ಕೆಲ್ಸ ಮಾಡ್ದೆ ನೀನು! ಬೀಗ್ರೆಲ್ಲ ಕೂತವ್ರೆ, ಆರ್ತಿ ತಟ್ಟೆ ಬಂದದೆ, ನಾನು ಟವಲ್ ತಗುದ್ರೆ ಕತ್ತೆ ಮೇಲೆ ಬಸ್ರಿ ಕೂತವ್ಳೆ! ನನ್ ಮಾನ ಓಯ್ತು ಅಂದ್ಕಂಡೆ” ಎಂದು ಒಂದೇ ಉಸಿರಿಗೆ ಹೇಳಿದರು. ಅವರ ಹೆಸರು ಪುಟ್ಟತಾಯಮ್ಮ, ಮಗಳು ಶೋಭಾ. ಬಸ್ಸಿನ ಕಿಟಕಿಗಳಲ್ಲೆಲ್ಲ ತಲೆಗಳು.

“ಆಮೇಲೆ ಏನಾಯ್ತು?” ಎಂದು ಕೇಳಿದ್ದು ನಾನಲ್ಲ, ಮೂರನೆಯ ಕಿಟಕಿಯ ಹೆಂಗಸು.

“ನಮ್ಮತ್ತೆ ಮುಖ ಸಿಂಡ್ರಿಸಿದ್ರು” ಎಂದಳು ಶೋಭಾ, ನಗುತ್ತ. “ನಾನು ಸಿಸ್ಟರ್‌ಗಳ ಸ್ಕೂಲಲ್ಲಿ ಓದಿದ್ದು ಮೇಡಂ, ನೋಡಿದ ತಕ್ಷಣ ಗೊತ್ತಾಯ್ತು. ಮೇರಿಯಮ್ಮ ಅಂದೆ.”

“ಯಾರಾರ ಆಗ್ಲಿ” ಎಂದರು ಪುಟ್ಟತಾಯಮ್ಮ. “ದೀಪ ಅಚ್ಚೋ ಒತ್ನಲ್ಲಿ ಬಸ್ರಿ ಮನೆ ಬಾಗ್ಲಿಗ್ ಬಂದವ್ಳೆ, ಬರೀ ಮಡ್ಲಲ್ಲಿ ಕಳ್ಸಕ್ಕಾಯ್ತದಾ? ಅಂತ ನನ್ ಮಗಳ ಪಕ್ಕದಲ್ಲೇ ಕೂರ್ಸ್ದೆ. ಬೀಗಿತ್ತಿ ಬಾಯಿ ಮುಚ್ಕಂಡ್ರು. ಇಬ್ರಿಗೂ ಆರ್ತಿ ಎತ್ತುದ್ವಿ.”

ಬುಟ್ಟಿ ಇಸಿದುಕೊಂಡು ಟವೆಲ್ ಸರಿಸಿ ನೋಡಿದೆ. ಮಾತೆಯ ಹಣೆಯಲ್ಲಿ ಕುಂಕುಮ, ಪಾದದಲ್ಲಿ ಅರಿಸಿನ, ಮಡಿಲಲ್ಲಿ ಒಂದು ಹಿಡಿ ಅಕ್ಕಿ. ಕೈಗೆ ತೊಡಿಸಲಾಗದೆ ಕೊರಳಿಗೆ ಎರಡು ಹಸಿರು ಗಾಜಿನ ಬಳೆ ಹಾಕಿದ್ದರು.

“ಎರ್ಗೆ ಆಗೋಗಂಟ ಬಳೆ ತಗೀಬೇಡ ಕಣವ್ವ. ಆದ್ಮೇಲೆ ಸೂಲ್ಗಿತ್ತಿಗೆ ಕೊಡ್ಬೇಕು, ಅದು ನಮ್ ಕಡೆ ಪದ್ದತಿ. ಅದ್ಸರಿ, ನನ್ ಮಡ್ಲಕ್ಕಿ ಎಲ್ಲಿ? ತವರಕ್ಕಿ ಇಲ್ದೆ ಮಗಳ್ನ ಎಂಗ್ ಕರ್ಕಂಡೋಗ್ಲಿ?”

ನಾನು ಜ್ಞಾನಮ್ಮನ ವಿಷಯ ಹೇಳಿದೆ. ನಿನ್ನೆ ಸಂಜೆ ಎಲ್ಲರೂ ಕೂತು ಶೋಭಾಳ ಹೆರಿಗೆಗಾಗಿ ಪ್ರಾರ್ಥಿಸಿದ್ದು, ಬುಟ್ಟಿ ಕೊಡದೆ ಮಂಚಕ್ಕೆ ಎಳೆದುಕೊಂಡದ್ದು, ಇನ್ನೂ ಮಣೆ ಹಾಕಿಕೊಂಡು ಕಾಯುತ್ತಿರುವುದು. ಅಷ್ಟರಲ್ಲಿ ಎದುರಿನಿಂದ ನರಸೀಪುರಕ್ಕೆ ಹೋಗುವ ಬಸ್ಸು ಬರುತ್ತಿರುವುದು ಕಂಡಿತು. ನನ್ನ ಬಸ್ಸು ನಂಜನಗೂಡಿಗೆ ಮುಖ ಮಾಡಿ ನಿಂತಿತ್ತು. ಮಾತೆ ನನ್ನ ಜೊತೆ ಬಂದರೆ ಆರಕ್ಕೆ ಮೇಷ್ಟ್ರ ಮನೆಯಲ್ಲಿರುತ್ತಾರೆ, ನನ್ನ ಮಾತು ಉಳಿಯುತ್ತದೆ, ಕಳೆದದ್ದೇ ಯಾರಿಗೂ ಗೊತ್ತಾಗುವುದಿಲ್ಲ. ಎದುರಿನ ಬಸ್ಸು ಹತ್ತಿದರೆ ಜ್ಞಾನಮ್ಮನ ಮನೆಯಲ್ಲಿರುತ್ತಾರೆ. ಎರಡೂ ಕಡೆ ಇರುವುದು ಸಾಧ್ಯವಿರಲಿಲ್ಲ. ಬುಟ್ಟಿಯನ್ನು ಮತ್ತೆ ಬೇರೆಯವರ ಕೈಗೆ ಕೊಡಬೇಕು, ಈ ಸಲ ತಿಳಿದೂ ತಿಳಿದೂ. ಒಂದು ನಮೋ ಮರಿಯಾ ಪೂರ್ತಿ ಹೇಳಿದೆ. ಅವಸರ ಮಾಡದೆ, ಪ್ರತಿ ಮಾತು ಬಿಡಿಸಿ.

“ಶೋಭಾ, ನೀನೇ ಕರ್ಕೊಂಡು ಹೋಗ್ತೀಯಾ ಮಾತೇನ? ಹೊಳೆ ಕಡೆ ಸಂದಿ, ಆಯಾ ಜ್ಞಾನಮ್ಮನ ಮನೆ ಅಂದರೆ ಎಲ್ಲರೂ ತೋರಿಸ್ತಾರೆ.”

“ಕೊಡಿ ಮೇಡಂ” ಎಂದು ಹುಡುಗಿ ಬುಟ್ಟಿಯನ್ನು ಹೊಟ್ಟೆಗೆ ಆನಿಸಿ ಹಿಡಿದುಕೊಂಡಳು. ಬಸ್ಸಿನಲ್ಲಿದ್ದವರೆಲ್ಲ ಹೋ ಎಂದು ಕೂಗಿದರು. ಮಾದೇವಣ್ಣ ಎದುರಿನ ಡ್ರೈವರಿಗೆ ಕೈ ಹೊರಹಾಕಿ, “ಲೇ, ಒಳಗೆ ಇಬ್ರು ಬಸ್ರೀರು ಅವ್ರೆ ಕಣ್ಲಾ, ಮೆತ್ತಗ್ ಓಡ್ಸು!” ಎಂದು ಕೂಗಿದರು.

ಚೌರಪ್ಪ ಮೇಷ್ಟ್ರ ಮನೆ ತುಂಬಿತ್ತು. ಫಾದರ್ ಬಂದಿದ್ದರು. ಮೇಜಿನ ಮೇಲೆ ಬಿಳಿ ಬಟ್ಟೆ, ಸೇವಂತಿಗೆ, ಎರಡು ಬತ್ತಿ. ನಾನು ಖಾಲಿ ಕೈಯಲ್ಲಿ ಒಳಗೆ ಹೋದೆ. ಎಲ್ಲರ ಕಣ್ಣು ನನ್ನ ಕೈಯ ಮೇಲೆ. ಮುಚ್ಚಿಡುವುದರಲ್ಲಿ ಅರ್ಥವಿರಲಿಲ್ಲ. ಹುರುಳಿಯಿಂದ ಹಿಡಿದು ಹಸಿರು ಬಳೆಯವರೆಗೆ ಹೇಳಿ, “ಇವತ್ತು ಮಾತೆ ಬರೋದಿಲ್ಲ ಸಾರ್. ತಪ್ಪು ನಂದು. ಆದರೆ ಕಳಿಸಿದ್ದು ತಪ್ಪು ಅಂತ ನನಗೆ ಅನ್ನಿಸ್ತಾ ಇಲ್ಲ” ಎಂದೆ.

ಮೇಷ್ಟ್ರು ಮೇಜಿನ ಬಟ್ಟೆಯ ಸುಕ್ಕು ತೀಡಿದರು. “ಕೊತ್ತಂಬರಿ ಕಟ್ಟೂ ಕಳೆದಿಲ್ಲ ಅಂದಿದ್ದೆ ನೀನು” ಎಂದರು. ನಾನು ತಲೆ ತಗ್ಗಿಸಿದೆ. “ಕೂತ್ಕೊ. ಜಾಗ ಮಾಡಿದ್ದೀವಲ್ಲ, ಅಷ್ಟಕ್ಕೇ ಪ್ರಾರ್ಥನೆ ಮಾಡೋಣ” ಎಂದು ಬತ್ತಿ ಹಚ್ಚಿದರು.

ಖಾಲಿ ಮೇಜಿನ ಮುಂದೆ ಜಪಸರ ಶುರುವಾಯಿತು. ನನ್ನ ಮನಸ್ಸು ಮಾತ್ರ ನರಸೀಪುರದ ಸಂದಿಯಲ್ಲಿ. ಮುಟ್ಟಿದರೋ ಇಲ್ಲವೋ? ಶೋಭಾಗೆ ನನ್ನ ನಂಬರು ಕೊಟ್ಟಿದ್ದೆ, ಅವಳದು ಕೇಳಲು ಮರೆತಿದ್ದೆ. ಜ್ಞಾನಮ್ಮನ ಮೊಮ್ಮಗಳು ಕೆಲಸದಿಂದ ಬರುವುದೇ ಏಳಕ್ಕೆ, ಫೋನಿಗೂ ದಾರಿಯಿಲ್ಲ. ಆಗಮನ ಕಾಲವೆಂದರೇನು ಅಂತ ನನಗೆ ಅವತ್ತು ಅರ್ಥವಾಯಿತು. ಕಳಿಸಿಕೊಟ್ಟದ್ದು ಮುಟ್ಟುತ್ತದೆ ಅಂತ ನಂಬಿ ಕೂರುವುದೇ ಅದು. ನಾಲ್ಕನೆಯ ರಹಸ್ಯದಲ್ಲಿ ನನ್ನ ಬ್ಯಾಗಿನಲ್ಲಿ ಫೋನು ಟಿಣ್ ಎಂದಿತು. ಮೇಷ್ಟ್ರು ಕಣ್ಣು ಬಿಟ್ಟು ನೋಡಿದರು. “ನೋಡಿ, ನೋಡಿಬಿಡಿ, ನಮಗೂ ತಡೆಯೋಕೆ ಆಗ್ತಿಲ್ಲ” ಎಂದರು ಫಾದರ್.

ಶೋಭಾ ಕಳಿಸಿದ ಫೋಟೊ. ಮಣೆಯ ಮೇಲೆ, ಮದುವೆಯ ಸೀರೆಯ ಮೇಲೆ, ಬಳೆ ತೊಟ್ಟ ಮಾತೆ. ಜ್ಞಾನಮ್ಮನ ಒಂದು ಕೈ ಪ್ರತಿಮೆಯ ಮೇಲೆ, ಇನ್ನೊಂದು ಕೈ ಶೋಭಾಳ ಹೊಟ್ಟೆಯ ಮೇಲೆ. ಹಲ್ಲಿಲ್ಲದ ಬಾಯಿ ಪೂರ್ತಿ ತೆರೆದ ನಗು. ಪಕ್ಕದಲ್ಲಿ ಪುಟ್ಟತಾಯಮ್ಮ ರಸಬಾಳೆ ಹಂಚುತ್ತಿದ್ದರು. ನಾನು ಜಪಸರ ಮುಗಿಯುವ ಮುಂಚೆಯೇ ಚಪ್ಪಾಳೆ ತಟ್ಟಿಬಿಟ್ಟೆ. ಫೋನು ಕೈಯಿಂದ ಕೈಗೆ ಹೋಯಿತು. ಮೇಷ್ಟ್ರು ಕನ್ನಡಕ ಒರೆಸಿ ಒರೆಸಿ ನೋಡಿದರು. ಅವರ ಮನೆಯ ಪಾಳಿ ಆ ವರ್ಷ ಹಾಗೇ ತಪ್ಪಿತು.

ಮಾರನೆಯ ದಿನ ಮಾತೆಯನ್ನು ನಾನೇ ವಾಪಸು ತಂದೆ, ಬಾನೆಟ್ ಮೇಲಲ್ಲ, ನನ್ನ ಸೀಟಿನಲ್ಲಿ ಕೂರಿಸಿ. ಒಂಬತ್ತು ಸಂಜೆ ಮುಗಿದು ಪ್ರತಿಮೆ, ಯೇಸು ಹುಟ್ಟಿದ ಕೊಟ್ಟಿಗೆಯಂತೆ ಚರ್ಚಿನಲ್ಲಿ ಕಟ್ಟಿದ ಗೋದಲಿಗೆ ಬಂತು. ಗೋದಲಿ ಅಲಂಕರಿಸುತ್ತಿದ್ದ ಹುಡುಗಿಯರು ಕುಂಕುಮ ಒರೆಸಿ ಬಳೆ ತೆಗೆಯಲು ಹೋದರು. ಹಿಂದಿನಿಂದ ಮೇಷ್ಟ್ರ ಗದರಿಕೆ ಕೇಳಿತು: “ಕೈ ತೆಗೀರಿ! ಹೆರಿಗೆ ಆಗೋವರೆಗೂ ಬಳೆ ಮುಟ್ಟೋ ಹಾಗಿಲ್ಲ.”

ಕ್ರಿಸ್ಮಸ್ ದಿನವೂ ನನಗೆ ಡ್ಯೂಟಿ. ಬೆಳಗಿನ ಪೂಜೆ ಮುಗಿಸಿ, ಗೋದಲಿಯಲ್ಲಿ ಮಲಗಿಸಿದ ಬಾಲಯೇಸುವಿಗೆ ಮುತ್ತಿಟ್ಟು, ಯೂನಿಫಾರ್ಮಿನಲ್ಲೇ ಬಸ್ ಸ್ಟ್ಯಾಂಡಿಗೆ ಓಡಿದೆ. ಟೈಮಾಗಿತ್ತು. ಮಾದೇವಣ್ಣ ಇಂಜಿನ್ ಶುರು ಮಾಡಿದ್ದರು. ವಿಷಲ್ ಬಾಯಿಗಿಟ್ಟು ನಮೋ ಮರಿಯಾ ಹೇಳುತ್ತಿದ್ದಾಗ ದೂರದಲ್ಲಿ ಬಿಳಿ ಪಂಚೆ ಎತ್ತಿ ಹಿಡಿದು, ಏದುಸಿರು ಬಿಡುತ್ತ ಬರುತ್ತಿದ್ದ ಚೌರಪ್ಪ ಮೇಷ್ಟ್ರು ಕಂಡರು. ವಿಷಲ್ ಕೆಳಗಿಳಿಸಿದೆ. ಅವರು ಬಂದು ಹತ್ತಿ ಕೂರುವವರೆಗೂ ಕಾದೆ.

“ಎಲ್ಲಿಗೆ ಸಾರ್?”

“ನರಸೀಪುರ ಒಂದು” ಎಂದು ದುಡ್ಡು ಕೊಟ್ಟರು. ಎಡಗೈಯಲ್ಲಿ ಕರವಸ್ತ್ರದ ಒಂದು ಚಿಕ್ಕ ಗಂಟು ಇತ್ತು.

ಜ್ಞಾನಮ್ಮನ ಮನೆಗೆ ನಾವಿಬ್ಬರೂ ಒಟ್ಟಿಗೆ ಹೋದೆವು. ಮೇಷ್ಟ್ರು ಮಂಚದ ಪಕ್ಕದ ಸ್ಟೂಲಿನ ಮೇಲೆ ಕೂತು, ಗಂಟು ಬಿಚ್ಚಿ, ಎರಡು ಹಸಿರು ಬಳೆಯನ್ನು ಅವರ ಅಂಗೈಯಲ್ಲಿಟ್ಟರು. ಜ್ಞಾನಮ್ಮನಿಗೆ ಏನೆಂದು ಯಾರೂ ಹೇಳಬೇಕಾಗಿರಲಿಲ್ಲ. ಎಷ್ಟು ಮನೆಗಳಲ್ಲಿ ಇಸಿದುಕೊಂಡಿದ್ದರೋ. ಮೂಳೆಯಂಥ ಕೈಗೆ ಬಳೆಗಳು ಸಲೀಸಾಗಿ ಏರಿದವು. ಕೈ ಅಲ್ಲಾಡಿಸಿ ಸದ್ದು ಕೇಳಿದರು. ಆಮೇಲೆ ಮುಖ ಎತ್ತಿ, ವಾರ್ಡಿನಲ್ಲಿ ಕೇಳುತ್ತಿದ್ದ ಹಾಗೆ ಕೇಳಿದರು.

“ಮಗ ಎಂಗದೆ ಸಾ?”

ಜೀವಮಾನವೆಲ್ಲ ವ್ಯಾಕರಣ ತಪ್ಪಿ ಮಾತಾಡದ ಚೌರಪ್ಪ ಮೇಷ್ಟ್ರು ಸ್ಟೂಲನ್ನು ಮಂಚದ ಹತ್ತಿರಕ್ಕೆ ಎಳೆದುಕೊಂಡರು.

“ಗಂಡು ಕಣವ್ವ” ಎಂದರು. “ತಾಯಿ ಮಗ ಇಬ್ರೂ ಚೆಂದಾಗವ್ರೆ.”